ಬಿಸಿಗಾಳಿ ಬಲೂನು ಇಳಿಯುವಾಗ ವಯಸ್ಸಾದವರಿಗೆ ಅಪಾಯವಿದೆಯೇ?

ಪ್ರಶ್ನೆ (ಬಸವನಗುಡಿಯಿಂದ)

ಬೇಸಿಗೆ ರಜೆಯಲ್ಲಿ ಟರ್ಕಿಯ ಕಪಡೋಕಿಯಾಕ್ಕೆ ಹೋಗಿ ಬಲೂನಿನಲ್ಲಿ ಹಾರಬೇಕೆಂಬುದು ಮನೆಯವರೆಲ್ಲರ ಆಸೆ. ಜೊತೆಗೆ 9 ವರ್ಷದ ಮಗಳೂ 68 ವರ್ಷದ ತಾಯಿಯವರೂ ಇರುತ್ತಾರೆ. ತಾಯಿಯವರಿಗೆ ಕಳೆದ ವರ್ಷವಷ್ಟೇ ಮಂಡಿ ಬದಲಿ ಶಸ್ತ್ರಚಿಕಿತ್ಸೆಯಾಗಿದೆ. ಮೇಲೇರುವುದರ ಬಗ್ಗೆ ನನಗೆ ಅಳುಕಿಲ್ಲ. ಆದರೆ ಇಳಿಯುವಾಗ ಬುಟ್ಟಿ ಮಗುಚಿ ಜನ ಒಬ್ಬರ ಮೇಲೊಬ್ಬರು ಬೀಳುವ ವಿಡಿಯೋಗಳನ್ನು ನೋಡಿದ ಮೇಲೆ ಚಿಂತೆ ಹತ್ತಿದೆ. ಟಿಕೆಟ್ ಏಜೆಂಟರು "ಏನೂ ಆಗಲ್ಲ ಮೇಡಂ" ಎನ್ನುವುದನ್ನು ಬಿಟ್ಟು ಬೇರೇನೂ ಹೇಳುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಯಲಹಂಕದಿಂದ)

ನಾನು ಕೆಲಕಾಲ ಬಲೂನು ಕಂಪನಿಯೊಂದರ ನೆಲದ ತಂಡದಲ್ಲಿದ್ದವನು. ಬುಟ್ಟಿ ಮಗುಚಿದ ಮಾತ್ರಕ್ಕೆ ಅದು ಅಪಘಾತವಲ್ಲ. ಬಲೂನಿಗೆ ಚುಕ್ಕಾಣಿಯೂ ಇಲ್ಲ, ಬ್ರೇಕೂ ಇಲ್ಲ. ಏರುತ್ತಾ ಇಳಿಯುತ್ತಾ ತನಗೆ ಬೇಕಾದ ದಿಕ್ಕಿನ ಗಾಳಿಯನ್ನು ಹುಡುಕಿಕೊಳ್ಳುವುದಷ್ಟೇ ಪೈಲಟ್ ಕೈಯಲ್ಲಿರುವುದು. ಹೀಗಾಗಿ ನೆಲ ಮುಟ್ಟುವಾಗ ಗಾಳಿಗಿರುವಷ್ಟೇ ವೇಗ ಬುಟ್ಟಿಗೂ ಇರುತ್ತದೆ. ಗಾಳಿ ಮಂದವಾಗಿದ್ದರೆ ಅಲ್ಲಿನ ನುರಿತ ಪೈಲಟ್‌ಗಳು ಬುಟ್ಟಿಯನ್ನು ಟ್ರೇಲರ್ ಮೇಲೆಯೇ ಕೂರಿಸಿಬಿಡುತ್ತಾರೆ. ಜೋರಾಗಿದ್ದರೆ, ಹಗ್ಗವೆಳೆದು ನೆತ್ತಿಯ ಕಿಂಡಿ ತೆರೆದು ಬಿಸಿಗಾಳಿಯನ್ನು ಹೊರಬಿಡುವವರೆಗೆ ಬುಟ್ಟಿ ಕುಪ್ಪಳಿಸುತ್ತಾ, ನೆಲಕ್ಕೆ ಉಜ್ಜುತ್ತಾ ಸಾಗಿ ಮಗ್ಗುಲಾಗುತ್ತದೆ.

ಆಗ ಮೊಬೈಲನ್ನು ಜೇಬಿಗೆ ಹಾಕಿ, ಸಾಗುವ ದಿಕ್ಕಿಗೆ ಬೆನ್ನು ತಿರುಗಿಸಿ ಬುಟ್ಟಿಯ ಗೋಡೆಗೆ ಒರಗಿ, ಪಾದಗಳನ್ನು ಜೋಡಿಸಿ, ಮಂಡಿಗಳನ್ನು ಬಾಗಿಸಿ, ಒಳಗಡೆಯ ಹಗ್ಗದ ಹಿಡಿಗಳನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿಯಬೇಕು. ಕಾಲು ನೆಟ್ಟಗಿದ್ದರೆ ಪೆಟ್ಟು ನೇರವಾಗಿ ಕಣಕಾಲಿಗೂ ಬೆನ್ನುಮೂಳೆಗೂ ಹೋಗುತ್ತದೆ. ಆಸರೆಗೆಂದು ಅನಿಲದ ಕೊಳವೆಗಳನ್ನು ಹಿಡಿಯಲೇಬಾರದು. ಗಾಬರಿಯಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಅಲ್ಲಿಗೇ!

ಉತ್ತರ (ಮಲ್ಲೇಶ್ವರದಿಂದ)

ಮೇಲಿನ ಮಾತಿಗೆ ಒಂದನ್ನು ಸೇರಿಸುತ್ತೇನೆ: ಬುಟ್ಟಿ ನಿಂತಿತೆಂದು ಯಾರೂ ತಾವಾಗಿ ಹೊರಗೆ ಜಿಗಿಯಬಾರದು. 70 ಕಿಲೋ ತೂಗುವ ಒಬ್ಬರು ಇಳಿದರೆ ಅಷ್ಟು ಭಾರ ಏಕಾಏಕಿ ಕಡಿಮೆಯಾಗಿ, ಒಳಗೆ ಬಿಸಿಗಾಳಿ ಇನ್ನೂ ಉಳಿದಿರುವ ಬಲೂನು ಮಿಕ್ಕವರನ್ನು ಹೊತ್ತು ಮತ್ತೆ ಮೇಲೇಳಬಹುದು. 2013ರ ಫೆಬ್ರವರಿಯಲ್ಲಿ ಈಜಿಪ್ಟಿನ ಲಕ್ಸರ್‌ನಲ್ಲಿ ಇಳಿಯುವ ಹೊತ್ತಿಗೆ ಬೆಂಕಿ ಹೊತ್ತಿಕೊಂಡ ಬಲೂನು ಹಾಗೆಯೇ ಮೇಲಕ್ಕೇರಿ ಕುಸಿದು 19 ಜನ ಸತ್ತರು. 2016ರಲ್ಲಿ ಟೆಕ್ಸಾಸಿನ ಲಾಕ್‌ಹಾರ್ಟ್ ಬಳಿ 16 ಜನರನ್ನು ಬಲಿ ತೆಗೆದುಕೊಂಡದ್ದು ಹೈಟೆನ್ಷನ್ ವಿದ್ಯುತ್ ತಂತಿ. ಮಂಜು, ಮೋಡದ ವಾತಾವರಣದಲ್ಲಿ ಹಾರಿದ್ದೇ ಅಲ್ಲಿ ಮುಳುವಾಯಿತು. ಇಂಥವು ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಆದರೆ ಹವಾಮಾನ ಸರಿಯಿಲ್ಲವೆಂದು ಹಾರಾಟ ರದ್ದು ಮಾಡುವ ಕಂಪನಿಯೊಂದಿಗೆ ಜಗಳಕ್ಕೆ ನಿಲ್ಲುವ ನಮ್ಮವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಉತ್ತರ (ಜಯನಗರದಿಂದ)

ವೃತ್ತಿಯಲ್ಲಿ ನಾನು ಫಿಸಿಯೋಥೆರಪಿಸ್ಟ್. ತಾಯಿಯವರನ್ನು ಹತ್ತಿಸಬೇಡಿ ಎಂಬುದೇ ನನ್ನ ಸಲಹೆ. ಇಳಿಯುವಾಗಿನ ಪೆಟ್ಟು ಒಂದು ಕಡೆಯಾದರೆ, ಸಾಮಾನ್ಯವಾಗಿ ಈ ಬುಟ್ಟಿಗಳಿಗೆ ಬಾಗಿಲಿರುವುದಿಲ್ಲ. ಪಕ್ಕದ ಕಿಂಡಿಗಳಲ್ಲಿ ಕಾಲಿಟ್ಟು ಎದೆಮಟ್ಟದ ಗೋಡೆಯನ್ನು ದಾಟಬೇಕು, ಹೆಚ್ಚುಕಡಿಮೆ ಒಂದು ಗಂಟೆ ನಿಂತೇ ಇರಬೇಕು, ಬುಟ್ಟಿ ಮಗುಚಿದರೆ ತೆವಳಿ ಹೊರಬರಬೇಕು. ಬದಲಿ ಮಂಡಿಯನ್ನು ಗಬಕ್ಕನೆ ಬಾಗಿಸಿ ಪೆಟ್ಟು ತಾಳುವುದು ಸುಲಭವಲ್ಲ. ಆದರೂ ಹೋಗುವುದಾದರೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಕೇಳಿ, ಕಂಪನಿಗೂ ಮುಂಚಿತವಾಗಿ ತಿಳಿಸಿ. ಮಗಳು ತಾನೇ ನಿಂತು ಹಿಡಿ ಹಿಡಿಯಬಲ್ಲಳೇ ಎಂಬುದು ಮುಖ್ಯ. ಇಳಿಯುವಾಗ ಅವಳನ್ನು ಎತ್ತಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಅಮ್ಮ ಕೆಳಗಿನಿಂದಲೇ ನೋಡಲು ಒಪ್ಪಿದ್ದಾರೆ. ಹಾರಾಟ ರದ್ದಾದರೆ ಮರುದಿನ ಅವಕಾಶ ಸಿಗುತ್ತದೆಯೇ?

ಉತ್ತರ (ಯಲಹಂಕದಿಂದ)

ಜಾಗ ಖಾಲಿಯಿದ್ದರೆ ಸಿಗಬಹುದು. ಆದ್ದರಿಂದ ತಲುಪಿದ ಮರುದಿನ ಬೆಳಿಗ್ಗೆಗೇ ಕಾಯ್ದಿರಿಸಿ, ಮುಂದಿನ ಒಂದೆರಡು ಬೆಳಗುಗಳನ್ನು ಖಾಲಿ ಬಿಟ್ಟುಕೊಳ್ಳಿ. ಪ್ರಯಾಣ ವಿಮೆಯ ಪತ್ರದಲ್ಲಿ ಬಲೂನು ಹಾರಾಟವನ್ನು ಹೊರಗಿಟ್ಟಿದ್ದಾರೆಯೇ ಎಂದು ಹಣ ಕಟ್ಟುವ ಮೊದಲೇ ಓದಿ ನೋಡಿ.