ಕಾಲೇಜು ಪ್ರವಾಸದಿಂದ ಮಕ್ಕಳಿಗೆ ಏನಾದರೂ ಉಳಿಯಬೇಕಾದರೆ ಏನು ಮಾಡಬೇಕು?

ಪ್ರಶ್ನೆ: 30 ವಿದ್ಯಾರ್ಥಿಗಳು, ಮೂರು ದಿನ, ದಿನಕ್ಕೆ ಐದು ಜಾಗ. ಬರೀ ಫೋಟೊ ತೆಗೆದು ವಾಪಸ್ ಬರುವಂತಾಗಬಾರದು. ಸಲಹೆ ಕೊಡಿ.

ಉತ್ತರ 1: ಮೊದಲು ಆ ಪಟ್ಟಿಗೆ ಕತ್ತರಿ ಹಾಕಿ ಸರ್, ದಿನಕ್ಕೆ ಎರಡು ಜಾಗ ಧಾರಾಳವಾಯಿತು. ಅಷ್ಟು ಜನ ಬಸ್ಸಿಳಿದು, ಶೌಚಾಲಯಕ್ಕೆ ಹೋಗಿ, ಮತ್ತೆ ಹತ್ತಿ, ತಲೆ ಎಣಿಸುವಷ್ಟರಲ್ಲಿ ಅರ್ಧ ಗಂಟೆ ಸಲೀಸಾಗಿ ಹೋಗುತ್ತದೆ. ಐದು ಕಡೆ ನಿಂತರೆ ಎರಡೂವರೆ ಗಂಟೆ ಅದಕ್ಕೇ ಖರ್ಚು.

ಐದೈದು ಜನರ ಆರು ಗುಂಪು ಮಾಡಿ, ಗುಂಪಿಗೊಂದು ಪ್ರಶ್ನೆ ಕೊಡಿ. ‘ಕೋಟೆಯ ಬಗ್ಗೆ ಬರೆಯಿರಿ’ ಅಂದರೆ ಮೊಬೈಲ್ ನೋಡಿ ನಕಲು ಮಾಡುತ್ತಾರೆ. ‘ಈ ಕೋಟೆಯೊಳಗೆ ಮಳೆನೀರು ಎಲ್ಲಿ ನಿಲ್ಲುತ್ತಿತ್ತು, ಹೆಚ್ಚಾದದ್ದು ಯಾವ ಕಡೆ ಹರಿಯುತ್ತಿತ್ತು?’ ಅಂತ ಕೇಳಿ. ಆಗ ಇಳಿಜಾರು ನೋಡಲೇಬೇಕು, ಕಲ್ಲಿನ ತೂಬು ಹುಡುಕಲೇಬೇಕು, ಕಾವಲುಗಾರರನ್ನು ಮಾತಾಡಿಸಲೇಬೇಕು. ಅಪರಿಚಿತರೊಡನೆ ಮಾತಾಡುವ ಅಂಜಿಕೆ ಬಿಡುವುದೇ ದೊಡ್ಡ ಲಾಭ ಅನ್ನುತ್ತೇನೆ.

ಉತ್ತರ 2: ದಾರಿ, ಲೆಕ್ಕ, ಸಮಯ ಮೂರನ್ನೂ ಮಕ್ಕಳಿಗೇ ವಹಿಸಿ, ದಿನಕ್ಕೊಮ್ಮೆ ಬದಲಿಸಿ. ಮ್ಯಾಪ್ ಹಿಂದಿನ ದಿನವೇ ಡೌನ್‌ಲೋಡ್ ಆಗಿರಲಿ. ಒಟ್ಟು ಹಣದ ಶೇ 10ರಷ್ಟು ತುರ್ತಿಗೆ ಎತ್ತಿಡಿ. ಖರ್ಚನ್ನು ಆಗಿಂದಾಗಲೇ ಬರೆಯದಿದ್ದರೆ ರಾತ್ರಿ ಲೆಕ್ಕ ತಾಳೆಯಾಗುವುದಿಲ್ಲ. ಹೊಸ ಶೂ ಬೇಡ, ಮೊದಲ ದಿನವೇ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ.

ಪ್ರಶ್ನೆ ಕೇಳಿದವರು: ವರದಿ ಯಾವಾಗ ಬರೆಸಲಿ?

ಉತ್ತರ 1: ಅದೇ ಸಂಜೆ, 20 ನಿಮಿಷ, ಮೊಬೈಲ್ ಪಕ್ಕಕ್ಕಿಟ್ಟು. ಕಂಡದ್ದು ಒಂದು, ಕೇಳಿದ್ದು ಒಂದು, ಅರ್ಥವಾಗದ್ದು ಒಂದು. ಮೂರನೆಯದನ್ನು ಮರುದಿನ ಬಸ್ಸಿನಲ್ಲಿ ಚರ್ಚೆಗಿಡಿ. ವಾರ ಬಿಟ್ಟು ಬರೆಸಿದರೆ 30 ವರದಿಯೂ ಒಂದೇ ಥರ ಇರುತ್ತವೆ.