ಜೂನ್‌ನಾಗ ಫೀನಿಕ್ಸ್‌ಗೆ ಹೊಂಟೀವಿ. ಕಾರಿಲ್ಲದ, ಬರೇ ಲೈಟ್ ರೈಲಿನ ಮ್ಯಾಲ ನಡೀತದೇನ್ರಿ?

ಬ್ರಹ್ಮಪುರದ ಮಾಸ್ತರ:

ಎಲ್ಲರಿಗೂ ಶರಣು. ಕಲಬುರಗಿಯವ ನಾನು, ಹೈಸ್ಕೂಲಿನಾಗ ಗಣಿತ ಹೇಳಿ ರಿಟೈರ್ ಆಗೀನಿ. ಮಗಳು ಅಮೆರಿಕಾದ ಅರಿಜೋನಾದಾಗ, ಫೀನಿಕ್ಸ್ ಮಗ್ಗಲ ಟೆಂಪಿ ಅನ್ನೋ ಊರಾಗ ಎಂ.ಎಸ್. ಓದ್ಲಿಕತ್ತಾಳ. ಜೂನ್ ಎರಡನೇ ವಾರ ನಾನೂ ನಮ್ಮ ಮನಿಯವರೂ ಹೊಂಟೀವಿ, ಆಗಸ್ಟ್ ತನಕ ಇರ್ತೀವಿ. ಮಗಳ ಕಡೆ ಕಾರ್ ಇಲ್ಲ. "ಲೈಟ್ ರೈಲ್ ಅದ ಪಪ್ಪಾ, ಚಿಂತಿ ಬಿಡ್ರಿ" ಅಂತಾಳ. ಆಕಿ ಇಪ್ಪತ್ಮೂರು ವರ್ಷದಾಕಿ, ಆಕಿಗೇನು ಚಿಂತಿ.

ಬಿಸಲಿಗಿ ನಾವು ಅಂಜೋರಲ್ಲ. ಮೇ ತಿಂಗಳದಾಗ ಗಂಜ್‌ನಾಗ ತೊಗರಿ ರೇಟ್ ಕೇಳ್ಕೋತ ತಿರಗಾಡಿದ ದೇಹ ಇದು. ಆದ್ರ ಮನಿಯವರಿಗಿ ಮೊಣಕಾಲ ನೋವು, ಬಿ.ಪಿ.ನೂ ಅದ. ಮೆಟ್ಟಲ ಹತ್ತೋದು ಆಗಂಗಿಲ್ಲ. ವಿಮಾನ ಇಳದ ಮ್ಯಾಲ ರೈಲಿನಾಗ ಮನಿ ಮುಟ್ಟಬಹುದಾ? ಕಿರಾಣಿ, ಗುಡಿ ಅಂತ ಹೋಗಿ ಬರೋದು ಆಗ್ತದಾ? ಇಲ್ಲಾ ಎರಡೂವರೆ ತಿಂಗಳು ಎ.ಸಿ. ಮುಂದ ಕುಂತು ಗ್ವಾಡಿ ನೋಡೋದೇ ಗತಿನಾ? ಅಲ್ಲಿ ಇದ್ದೋರು ಯಾರಾದ್ರೂ ಖರೆ ಹೇಳ್ರಿ.

ಶಹಾಬಾದ ಕಲ್ಲು:

ಮಾಸ್ತರ್ರ, ನನ್ನ ತವರು ಶಹಾಬಾದ. ಟೆಂಪಿಯಾಗೇ ಓದಿ, ಈಗ ಫೀನಿಕ್ಸ್ ಡೌನ್‌ಟೌನ್‌ನಾಗ ಕೆಲಸ ಮಾಡ್ತೀನಿ. ಇವತ್ತಿನ ತನಕ ಕಾರ್ ತಗೊಂಡಿಲ್ಲ. ಅದಕ್ಕ ಇಲ್ಲಿ ಗೆಳತ್ಯಾರು ನನ್ನ ಒಂದು ನಮೂನಿ ನೋಡ್ತಾರ, ಇರಲಿ.

ಮೊದಲ ಮೊಣಕಾಲಿಂದ ಹೇಳ್ತೀನಿ, ಅದು ಛಲೋ ಸುದ್ದಿ. ಲೈಟ್ ರೈಲ್ ಅಂದ್ರ ಊರೊಳಗ ತಿರಗೋ ಕರೆಂಟಿನ ಸಣ್ಣ ರೈಲು, ರಸ್ತೆ ನಡುವೇ ಓಡ್ತದ. ಪ್ಲಾಟ್‌ಫಾರ್ಮ್‌ಗೆ ಇಳಿಜಾರು ಅದ, ಡಬ್ಬಿ ಬಾಗಿಲು ಪ್ಲಾಟ್‌ಫಾರ್ಮ್ ಮಟ್ಟಕ್ಕೇ ತೆರೀತದ. ವ್ಹೀಲ್‌ಚೇರ್‌ನೋರು ಯಾರ ಕೈ ಹಿಡೀದ ಒಳಗ ಬರ್ತಾರ. ನಮ್ಮ ಕಲಬುರಗಿ ಸ್ಟೇಷನ್‌ನಾಗ ಅವ್ವಗ ರೈಲ್ ಹತ್ತಿಸೋವಾಗ ಪಡೋ ಪಾಡು ಇಲ್ಲಿ ಇಲ್ಲ. ವಿಮಾನ ನಿಲ್ದಾಣದಾಗ ಸ್ಕೈ ಟ್ರೇನ್ ಅಂತ ಡ್ರೈವರ್ ಇಲ್ಲದ ಗಾಡಿ ಅದ, ಪುಕ್ಕಟೆ. ಟರ್ಮಿನಲ್‌ನಾಗ ಹತ್ತಿ 44ನೇ ಬೀದಿ ಸ್ಟೇಷನ್‌ದಾಗ ಇಳದ್ರ, ಅಲ್ಲೇ ಲೈಟ್ ರೈಲ್ ಸಿಗ್ತದ. ಟೆಂಪಿ ಮ್ಯಾಲಿಂದ ಮೇಸಾದ ಗಿಲ್ಬರ್ಟ್ ರಸ್ತೆ ತನಕ ಹೋಗೋದು 'ಎ' ಲೈನ್, ಅದನ್ನೇ ಹತ್ತಬೇಕು. ಉತ್ತರ ದಕ್ಷಿಣ ಹೋಗೋದು 'ಬಿ'. ಎರಡೂ ಫೀನಿಕ್ಸ್ ಡೌನ್‌ಟೌನ್‌ದಾಗ ಕೂಡ್ತಾವ. ಜೂನ್ 2025ಕ್ಕ ದಕ್ಷಿಣದ ಹೊಸ ದಾರಿ ತೆರದ ಮ್ಯಾಲ ಹಿಂಗ ಎರಡು ಲೈನ್ ಆಗ್ಯಾವ. ಟಿಕೆಟ್ ಒಂದು ಸಲಕ್ಕ ಎರಡು ಡಾಲರ್, ದಿನಪೂರ್ತಿ ನಾಕು. ಡಾಲರ್‌ನ ರೂಪಾಯಿಗಿ ಲೆಕ್ಕ ಹಾಕ್ಲಿಕ್ಕಿ ಹೋಗಬ್ಯಾಡ್ರಿ, ಗಣಿತ ಮಾಸ್ತರಿಗಿ ತಡಿಯೋದಿಲ್ಲ ಅಂತ ಗೊತ್ತು, ಆದ್ರೂ.

ಈಗ ಬಿಸಲು. ಇಲ್ಲಿ ಎಲ್ಲಾರೂ ರೈಲಿನ ಎ.ಸಿ. ಬಗ್ಗೆ ಹೇಳ್ತಾರ. ಎ.ಸಿ. ಛಲೋನೇ ಅದ. ತ್ರಾಸ ಇರೋದು ರೈಲಿನಾಗಲ್ಲ, ರೈಲಿಗಿ ಹೋಗೋ ದಾರಿಯಾಗ, ರೈಲಿಗಿ ಕಾಯೋದ್ರಾಗ. ಈ ಊರಿನ ದೊಡ್ಡ ರಸ್ತೆಗಳು ಚೌಕಳಿ ಹಾಕಿದಂಗ ಅವ, ಒಂದಕ್ಕೊಂದು ಒಂದು ಮೈಲಿ ದೂರ, ಅಂದ್ರ 1.6 ಕಿಲೋಮೀಟರ್. ನಡು ಭಾಗದಾಗ ಬರೇ ಮನಿ, ಕಂಪೌಂಡು, ಪಾರ್ಕಿಂಗು. ನಮ್ಮಲ್ಲಿ ಬಿಸಲು ಹತ್ತಿದ್ರ ಯಾವುದಾದ್ರೂ ಅಂಗಡಿ ಕಟ್ಟಿ ಮ್ಯಾಲ ನಿಂದರ್ತೀವಿ, ಬೇವಿನ ಗಿಡ ಸಿಗ್ತದ, ಯಾರೋ ನೀರ್ ಕೊಡ್ತಾರ. ಇಲ್ಲಿ ಫುಟ್‌ಪಾತ್ ಮ್ಯಾಲ ನೀವೊಬ್ರೇ. ಸ್ಟೇಷನ್‌ದಾಗ ಚಾವಣಿ ಅದ ಖರೆ, ಆದ್ರ ಸಂಜಿ ಐದಕ್ಕ ಸೂರ್ಯ ಅಡ್ಡ ಬಂದಾಗ ನೆಳ್ಳು ಪ್ಲಾಟ್‌ಫಾರ್ಮ್ ಬಿಟ್ಟು ಹಳಿ ಮ್ಯಾಲ ಬಿದ್ದಿರ್ತದ. ಜನ ಕಂಬದ ನೆಳ್ಳಿಗಿ ಒಬ್ಬರ ಹಿಂದ ಒಬ್ಬರು ಸಾಲಾಗಿ ನಿಂತಿರ್ತಾರ. ಕಾಲು ಗಂಟಿ ಹಂಗ ನಿಂದ್ರೋದು ನನಗೇ ಸಾಕಾಗ್ತದ, ಅಮ್ಮಾರಿಗಿ ಆಗಂಗಿಲ್ಲ.

ಕಲಬುರಗಿಯವರಿಗಿ ಏನ್ ಬಿಸಲು ಅಂತ ನಾನೂ ಮೆರದಾಕಿನೇ. 2023ರಾಗ ಜೂನ್ ಕಡೀ ದಿನದಿಂದ ಇಲ್ಲಿ 31 ದಿನ ಒಂದೇ ಸಮ 43 ಡಿಗ್ರಿ ದಾಟಿತ್ತು. ರಾತ್ರಿ ಸೈತ 32ರ ಕೆಳಗ ಇಳಿಲಾರದ ದಿನ ಸಾಲು ಸಾಲು ಬಂದವು. ಮಾಳಗಿ ಮ್ಯಾಲ ಹಾಸಗಿ ಹಾಕೋ ಮಾತೇ ಇಲ್ಲ. ಡಾಂಬರಿನ ಮ್ಯಾಲ ಕಾಲ್ ಜಾರಿ ಬಿದ್ದವರು ಸುಟ್ಟ ಗಾಯ ಮಾಡ್ಕೊಂಡು ದವಾಖಾನಿ ಸೇರ್ತಾರ, ಅದು ಪ್ರತಿ ಬ್ಯಾಸಗಿ ಸುದ್ದಿ. ಅದಕ್ಕ ನಾನು ಕೇಳೋದು ಒಂದೇ: ಮಗಳ ಮನಿ ಸ್ಟೇಷನ್‌ದಿಂದ ಎಷ್ಟು ದೂರ? ಉಳಿದದ್ದೆಲ್ಲ ಅದರ ಮ್ಯಾಲ ನಿಂತದ.

ಗುಡಿ ಅಂದ್ರ, ನಮ್ಮವರು ಹೋಗೋ ಮಹಾ ಗಣಪತಿ ಗುಡಿ ಮಾರಿಕೋಪಾದಾಗ ಅದ, ಅಲ್ಲಿಗಿ ಈ ರೈಲ್ ಇಲ್ಲ. ನಮ್ಮವರು ಭಾಳ ಮಂದಿ ಇರೋ ಚಾಂಡ್ಲರ್‌ಗೂ ಇಲ್ಲ. ಕಿರಾಣಿಗಿ ಮೇಸಾದ ಡಾಬ್ಸನ್ ರಸ್ತೆ ಮಗ್ಗಲ ಏಷ್ಯಾದ ದೊಡ್ಡ ಅಂಗಡಿಗಳವ, ಲೈನಿನ ಹತ್ರನೇ. ಬ್ಯಾಳಿ ಮಾತ್ರ ಊರಿಂದೇ ತರ್ರಿ.

ಜಗತ್ ಸರ್ಕಲ್ ಜಗ್ಗು:

ಅಕ್ಕೋರ, ಇಂಥದೊಂದು ನಮ್ಮ ಕಲಬುರಗಿಗೂ ಬೇಕ್ರಿ! ಸ್ಟೇಷನ್‌ದಿಂದ ಜಗತ್ ಸರ್ಕಲ್, ಸೂಪರ್ ಮಾರ್ಕೆಟ್, ಬಸ್ ಸ್ಟ್ಯಾಂಡ್, ಹಂಗೇ ಹುಮನಾಬಾದ್ ರಿಂಗ್ ರೋಡ್. ಬಿಸಲೂ ಅದ, ಊರೂ ಬೆಳೀಲಿಕತ್ತದ. ಅವರಿಗಿ ಆಗಿದ್ದು ನಮಗ್ಯಾಕ ಆಗಬಾರದು?

ಶಹಾಬಾದ ಕಲ್ಲು:

ತಮ್ಮಾ, ಡಿಸೆಂಬರ್ 2008ಕ್ಕ ಸುರುವಾದ ಮೊದಲ 32 ಕಿಲೋಮೀಟರಿಗಿ ಬಿದ್ದ ಖರ್ಚು 140 ಕೋಟಿ ಡಾಲರ್. ಅದಕ್ಕಂತ ಊರ ಮಂದಿ ಓಟ್ ಹಾಕಿ ತಮ್ಮ ಮ್ಯಾಲ ತಾವೇ ಮಾರಾಟ ತೆರಿಗಿ ಹಾಕ್ಕೊಂಡಾರ, ಫೀನಿಕ್ಸ್‌ನಾಗ 2000ದಾಗ. ಸೆಂಟ್ರಲ್ ರಸ್ತೆಗಿ ದಕ್ಷಿಣದ ಲೈನ್ ಹಾಕೋವಾಗ ನಾಕು ಲೇನ್ ಹೋಗಿ ಎರಡು ಆತು. ಅಂಗಡಿಯವರು ಬೀದಿಗಿಳದ್ರು, ಇನ್ನ ಮುಂದ ರೈಲೇ ಬ್ಯಾಡ ಅನ್ನೋ ಪ್ರಶ್ನಿ 2019ರಾಗ ಓಟಿಗಿ ಬಂತು, ಮಂದಿ ಅದನ್ನ ಸೋಲಿಸಿದ್ರು. ಸೂಪರ್ ಮಾರ್ಕೆಟ್‌ನಾಗ ಎರಡು ಲೇನ್ ಕೇಳಿ ನೋಡು, ಬಂಡಿಯವರು ಏನಂತಾರ.

ಟಿಕೆಟ್ ಟಿಕೆಟ್:

ನಲವತ್ತು ವರ್ಷದ ಹತ್ರ ಸರ್ಕಾರಿ ಬಸ್ಸಿನಾಗ ಕಂಡಕ್ಟರ್ಕಿ ಮಾಡಿದವ ಹೇಳ್ತೀನಿ. ರೈಲು ಆಮ್ಯಾಲ ನೋಡೋಣು. ಸೇಡಂ ರೋಡ್‌ನಾಗ ಬಸ್ ಕಾಯೋ ಬಾಣಂತಿ ಸೆರಗಿನಾಗ ಕೂಸಿನ ತಲಿ ಮುಚ್ಚಿ ಟಂಟಂ ಆಟೋ ಹತ್ತತಾಳ, ಯಾಕ? ಟಂಟಂ ಕೈ ಮಾಡಿದಲ್ಲಿ ನಿಂದರ್ತದ, ಆಕಿ ಬಿಸಲಾಗ ನಿಂದ್ರೋದು ತಪ್ಪತದ. ನಮ್ಮ ಬಸ್ಸಿನ ಟಿಕೆಟ್ ಕಡಿಮಿ ಇದ್ದಾಗೂ ಮಂದಿ ಟಂಟಂಗೇ ಹೋಗತಿದ್ರು. ಈ ಅಕ್ಕೋರು ಹೇಳಿದ ಮಾತು ಅಮೆರಿಕಾದ್ದಷ್ಟೇ ಅಲ್ಲ. ಸ್ಟಾಪಿಗೊಂದು ತಗಡಿನ ಚಪ್ಪರ, ಹತ್ತು ನಿಮಿಷಕ್ಕೊಂದು ಬಸ್ಸು ಕೊಡ್ರಿ, ನಾನೇ ಮತ್ತ ಟಿಕೆಟ್ ಹರೀಲಿಕ್ಕಿ ಬರ್ತೀನಿ.

ಬ್ರಹ್ಮಪುರದ ಮಾಸ್ತರ:

ತಂಗಿ, ಭಾಳ ಉಪಕಾರ ಆತು. ಮಗಳಿಗಿ ಕೇಳಿದೆ. ಮನಿ ಮೆಕ್ಲಿಂಟಾಕ್ ರಸ್ತೆ, ಬೇಸ್‌ಲೈನ್ ರಸ್ತೆ ಕೂಡೋ ಕಡೆ ಅದಂತ. "ಸ್ಟೇಷನ್ ಅದೇ ರಸ್ತಿಗಿ, ಸೀದಾ ಹೋದ್ರ ಬರ್ತದ" ಅಂದ್ಲು. ನಡಕೋತ ಹೋಗಬಹುದಾ?

ಶಹಾಬಾದ ಕಲ್ಲು:

ಸೀದಾ ಹೋದ್ರ ಬರ್ತದ, ಹೌದ್ರಿ, ನಾಕು ಕಿಲೋಮೀಟರ್ ಆದ ಮ್ಯಾಲ! ನಡೀಬ್ಯಾಡ್ರಿ. ಮೆಕ್ಲಿಂಟಾಕ್ ಮ್ಯಾಲ 81 ನಂಬರಿನ ಬಸ್ ಓಡ್ತದ, ಅದು ಅಪಾಚಿ ರಸ್ತೆ ಸ್ಟೇಷನ್ ಮುಂದೇ ಹೋಗ್ತದ. ದಿನದ ಟಿಕೆಟ್ ತಗೊಂಡ್ರ ಅದರಾಗೇ ಬಸ್ಸೂ ರೈಲೂ ನಡೀತಾವ. ಮನಿಯಿಂದ ಬಸ್ ಸ್ಟಾಪಿಗಿ ಎಷ್ಟು ಹೆಜ್ಜಿ, ಅಲ್ಲಿ ನೆಳ್ಳು ಅದನೋ ಇಲ್ಲೋ, ಮಗಳಿಗಿ ಮಧ್ಯಾಹ್ನ ಮೂರಕ್ಕ ಹೋಗಿ ನಿಂತು ನೋಡಿ ಬಾ ಅನ್ರಿ. ಮುಂಜಾನಿ ನೋಡಿದ್ರ ಗೊತ್ತಾಗಂಗಿಲ್ಲ.

ಇಳದ ದಿನ ಮಾತ್ರ ಟ್ಯಾಕ್ಸಿನೇ ಮಾಡ್ರಿ. ಅಷ್ಟು ದೂರದ ವಿಮಾನ ಆದ ಮ್ಯಾಲ, ದೊಡ್ಡ ದೊಡ್ಡ ಸೂಟ್‌ಕೇಸ್ ಹಿಡಕೊಂಡು ರೈಲು, ಬಸ್ಸು ಬದಲಿ ಮಾಡೋದು ಬ್ಯಾಡ. ಆಮ್ಯಾಲ ತಿರಗಾಟ ಎಲ್ಲಾ ಮುಂಜಾನಿ ಇಟ್ಕೋರಿ. ಜೂನ್‌ನಾಗ ಐದೂವರಿಗಿ ಮೊದಲೇ ಬೆಳಕಾಗ್ತದ, ಎಂಟೂವರಿ ಒಂಬತ್ತರೊಳಗ ಮನಿ ಸೇರ್ರಿ. ಜುಲೈ ಆದ ಮ್ಯಾಲ ಸಂಜಿ ಧೂಳಿನ ಗ್ವಾಡಿ ಎದ್ದು ಬರ್ತದ, ಫೋನಿಗಿ ಎಚ್ಚರಿಕಿ ಬಂದ್ರ ಹೊರಗ ಬೀಳಬ್ಯಾಡ್ರಿ. ಮತ್ತ ಛತ್ರಿ ತರ್ರಿ, ಕರೇದಲ್ಲ, ಒಳಗ ಬೆಳ್ಳಿ ಬಣ್ಣದ್ದು. ಬಿಸಲಿಗಿ ಛತ್ರಿ ಹಿಡದ್ರ ಇಲ್ಲಿಯವರು ತಿರಗಿ ತಿರಗಿ ನೋಡ್ತಾರ. ನೋಡಲಿ ಬಿಡ್ರಿ. ಅಮ್ಮಾರು ಬಂದ ಮ್ಯಾಲ ಒಂದು ಮೆಸೇಜ್ ಹಾಕ್ರಿ, ಭಾನುವಾರ ನಾನೇ ಬಂದು ಡಾಬ್ಸನ್ ಕಡೆ ಕರಕೊಂಡು ಹೋಗ್ತೀನಿ.