ರಾತ್ರಿ ನಾಕಾಬಂದಿಯಲ್ಲಿ ಡಿಕ್ಕಿ ತೆಗೆಸಿದರು, ವಾರಂಟ್ ಬೇಡವಾ?

ಪ್ರಶ್ನೆ (ಟ್ಯಾಕ್ಸಿ ಚಾಲಕ): ಮೇಡಂ, ನಮಸ್ಕಾರ. ನಾನು ಬೆಂಗಳೂರು–ಮಂಗಳೂರು ಟ್ರಿಪ್ ಹೊಡೆಯುತ್ತೇನೆ, ಯೆಲ್ಲೋ ಬೋರ್ಡ್ ಗಾಡಿ. ಮೊನ್ನೆ ರಾತ್ರಿ ನಾಕಾಬಂದಿಯಲ್ಲಿ ಪೊಲೀಸರು ನಿಲ್ಲಿಸಿದರು. ಡಿಎಲ್, ಆರ್‌ಸಿ ನೋಡಿ ಡಿಕ್ಕಿ ತೆಗೆಸಿದರು. ಗಾಂಜಾ ಬರುತ್ತಿದೆ ಅಂತ ಮಾಹಿತಿ ಇದೆಯಂತೆ. ಪ್ರಯಾಣಿಕರ ಬ್ಯಾಗುಗಳನ್ನೂ ಬಿಚ್ಚಿ ಬಟ್ಟೆಯೆಲ್ಲ ಹೊರಗೆ ಹಾಕಿದರು. ಏನೂ ಸಿಗಲಿಲ್ಲ, ಬಿಟ್ಟರು. ವಾರಂಟ್ ಕೇಳಿದ್ದಕ್ಕೆ ‘ಅದೆಲ್ಲ ಬೇಕಿಲ್ಲ’ ಅಂದರು. ನಿಜವಾ? ಬೇಡ ಅನ್ನಬಹುದಿತ್ತಾ?

ಉತ್ತರ (ವಕೀಲೆ): ನಮಸ್ಕಾರ. ವಾರಂಟ್ ಬೇಕಿಲ್ಲ ಅಂದದ್ದು ಸರಿ. ಆದರೆ ಕಾರಣ ಬೇಕೇ ಬೇಕು. ಡಿಎಲ್, ಆರ್‌ಸಿ ಕೇಳುವ ಅಧಿಕಾರ ಬೇರೆ, ಸೂಟ್‌ಕೇಸ್ ಬಿಚ್ಚಿಸುವ ಅಧಿಕಾರ ಬೇರೆ. ಗಾಡಿ ನಿಲ್ಲಿಸಿದ್ದೇವೆ, ಸುಮ್ನೆ ಒಮ್ಮೆ ನೋಡೋಣ ಅಂತ ಲಗೇಜ್ ತೆಗೆಸುವಂತಿಲ್ಲ.

ಗಾಂಜಾ ಅಂದ ಕೂಡಲೇ 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ, ಬರುತ್ತದೆ. ಅದರಲ್ಲಿ ಎರಡು ದಾರಿ. ಸೆಕ್ಷನ್ 42ರ ಪ್ರಕಾರ ಹೋದರೆ ಬಂದ ಮಾಹಿತಿಯನ್ನು ಬರೆದಿಡಬೇಕು, 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳಿಸಬೇಕು. ಸೂರ್ಯ ಮುಳುಗಿದ ಮೇಲಾದರೆ, ವಾರಂಟ್ ತರುವಷ್ಟರಲ್ಲಿ ಮಾಲು ಕೈತಪ್ಪುತ್ತದೆ ಅಂತ ಯಾಕೆ ಅನ್ನಿಸಿತು ಅನ್ನುವುದನ್ನೂ ಬರೆಯಬೇಕು. ಸೆಕ್ಷನ್ 43 ಸಾರ್ವಜನಿಕ ಸ್ಥಳಕ್ಕೆ, ಸಾರ್ವಜನಿಕ ವಾಹನಕ್ಕೆ. ಅಲ್ಲಿ ಈ ಬರವಣಿಗೆಯ ಕಟ್ಟುಪಾಡು ಇಲ್ಲ. ನಂಬಲು ಕಾರಣ ಮಾತ್ರ ಇರಬೇಕು.

ನಿಮ್ಮದು ಯೆಲ್ಲೋ ಬೋರ್ಡ್ ಅಂತ ಹೇಳಿದ್ದು ಒಳ್ಳೆಯದಾಯಿತು. 2021ರಲ್ಲಿ ಹರಿಯಾಣದ ಬೂಟಾ ಸಿಂಗ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ರಸ್ತೆಯಲ್ಲಿದ್ದ ಜೀಪಿನಲ್ಲಿ ಗಸಗಸೆ ಗಿಡದ ಹೊಟ್ಟಿನ ಚೀಲ ಸಿಕ್ಕಿದ್ದವು. ರಸ್ತೆ ಸಾರ್ವಜನಿಕವೇ, ಆದರೆ ಜೀಪು ಖಾಸಗಿ, ಆರ್‌ಸಿಯಲ್ಲೂ ಹಾಗೇ ಇತ್ತು. ಹಾಗಾಗಿ 43 ಅಲ್ಲ, 42 ಪಾಲಿಸಬೇಕಿತ್ತು ಎಂದಿತು ಕೋರ್ಟ್. ಪಾಲಿಸಿರಲಿಲ್ಲ, ಆರೋಪಿಗಳು ಬಿಡುಗಡೆಯಾದರು. ಬಾಡಿಗೆ ಗಾಡಿಗೆ ಇದೇ ವಾದ ಹೂಡುವುದು ಕಷ್ಟ.

ಬೇಡ ಅನ್ನಬಹುದಾ ಅಂದರೆ, ಬಾಯಲ್ಲಿ ಹೇಳಿ, ಕೈ ಅಡ್ಡ ಹಾಕಬೇಡಿ. ಡಿಕ್ಕಿ ಬಾಗಿಲು ಹಿಡಿದು ನಿಂತರೆ ಕರ್ತವ್ಯಕ್ಕೆ ಅಡ್ಡಿ ಅಂತ ಇನ್ನೊಂದು ಕೇಸ್ ಬೀಳುತ್ತದೆ.

ಪ್ರಶ್ನೆ (ಇನ್ನೊಬ್ಬರು): ತಪಾಸಣೆಗೆ ಮುಂಚೆ ಗೆಜೆಟೆಡ್ ಅಧಿಕಾರಿ ಬೇಕು ಅಂತ ಕೇಳಬಹುದು ಅಂತಾರಲ್ಲ ಮೇಡಂ?

ಉತ್ತರ: ಕೇಳಬಹುದು, ಆದರೆ ಅದು ಮೈ ತಪಾಸಣೆಗೆ ಮಾತ್ರ. ಸೆಕ್ಷನ್ 50 ಹೇಳುವುದು ವ್ಯಕ್ತಿಯ ಬಗ್ಗೆ. ಹತ್ತಿರದ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ತಪಾಸಣೆ ಆಗಲಿ ಅನ್ನುವ ಹಕ್ಕು ನಿಮಗಿದೆ, ಪೊಲೀಸರೇ ಅದನ್ನು ತಿಳಿಸಬೇಕು. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು. ಬ್ಯಾಗಿಗೆ ಈ ರಕ್ಷಣೆ ಇಲ್ಲ. ಸುಪ್ರೀಂ ಕೋರ್ಟಿನ 2005ರ ಪವನ್ ಕುಮಾರ್ ತೀರ್ಪಿನಲ್ಲಿ ಕೈಯಲ್ಲಿ ಹಿಡಿದ ಚೀಲ ‘ವ್ಯಕ್ತಿ’ಯೊಳಗೆ ಬರುವುದಿಲ್ಲ ಎಂದಾಗಿದೆ. 2023ರಲ್ಲೂ ಅದನ್ನೇ ಎತ್ತಿಹಿಡಿದರು. ಹೆಗಲಲ್ಲೇ ತೂಗುವ ಬ್ಯಾಗಿಗೂ ಅಷ್ಟೇ. ನನಗಿದು ಸರಿ ಕಾಣುವುದಿಲ್ಲ, ಆದರೂ ಇವತ್ತಿನ ಕಾನೂನು ಇದೇ.

ಪ್ರಶ್ನೆ (ಟ್ಯಾಕ್ಸಿ ಚಾಲಕ): ತಪಾಸಣೆಯೇ ತಪ್ಪಾಗಿದ್ದರೆ ಸಿಕ್ಕಿದ್ದೂ ಕೋರ್ಟಲ್ಲಿ ನಿಲ್ಲಲ್ಲ ಅಲ್ವಾ? ಪ್ರಯಾಣಿಕನ ಬ್ಯಾಗಲ್ಲಿ ಸಿಕ್ಕಿದರೆ ನನ್ನ ಗಾಡಿ ಗತಿ?

ಉತ್ತರ: ಮೊದಲನೆಯದನ್ನು ನಂಬಿ ಕೂರಬೇಡಿ. ತಪಾಸಣೆ ಕ್ರಮ ತಪ್ಪಿತು ಅಂದ ಮಾತ್ರಕ್ಕೆ ಸಿಕ್ಕ ಸಾಕ್ಷ್ಯ ಬಿದ್ದುಹೋಗುವುದಿಲ್ಲ ಅಂತ 1973ರಲ್ಲೇ ಪೂರನ್ ಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಆದಾಯ ತೆರಿಗೆ ಕೇಸು, ಆದರೆ ತತ್ವ ಎಲ್ಲ ಕಡೆ ಬಳಕೆಯಲ್ಲಿದೆ. ಎನ್‌ಡಿಪಿಎಸ್‌ನಲ್ಲಿ ಶಿಕ್ಷೆ ಜಾಸ್ತಿ, ಅದಕ್ಕೇ 42, 50ರಂಥ ನಿಯಮ ಮುರಿದರೆ ಕೋರ್ಟು ಬಿಗಿಯಾಗಿ ನೋಡುತ್ತದೆ.

ಗಾಡಿ ವಿಷಯ ನಿಮಗೆ ಹೆಚ್ಚು ಮುಖ್ಯ. ಸಾಗಿಸಿದ ವಾಹನವನ್ನು ಸೆಕ್ಷನ್ 60ರಲ್ಲಿ ಮುಟ್ಟುಗೋಲು ಹಾಕಬಹುದು. ನಿಮಗೆ ಗೊತ್ತಿರಲಿಲ್ಲ, ಬೇಕಾದ ಎಚ್ಚರಿಕೆಯನ್ನೆಲ್ಲ ತಗೊಂಡಿದ್ದಿರಿ ಅಂತ ನೀವೇ ತೋರಿಸಬೇಕು. ಅದಕ್ಕೇ ಬುಕಿಂಗ್ ಮೆಸೇಜು ಅಳಿಸಬೇಡಿ, ಯಾವ ಬ್ಯಾಗ್ ಯಾರದ್ದು ಅಂತ ಹತ್ತಿಸುವಾಗಲೇ ಕೇಳಿ, ಮಾಲೀಕರಿಲ್ಲದ ಪಾರ್ಸೆಲ್ ತಗೋಬೇಡಿ. 2025ರ ಜನವರಿಯಲ್ಲಿ ಅಸ್ಸಾಂನ ಒಂದು ಲಾರಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮಾಲೀಕನಿಗೆ ಗಾಡಿಯನ್ನು ಮಧ್ಯಂತರವಾಗಿ ಬಿಟ್ಟುಕೊಟ್ಟಿತು. ಸೋಪಿನ ಡಬ್ಬಿಯಲ್ಲಿ ಹೆರಾಯಿನ್ ಇಟ್ಟುಕೊಂಡಿದ್ದವನು ಜೊತೆಗೆ ಕೂತು ಬಂದಿದ್ದವ. ಠಾಣೆ ಅಂಗಳದಲ್ಲಿ ಗಾಡಿ ತುಕ್ಕು ಹಿಡಿಯುತ್ತಿದ್ದರೆ ಈ ತೀರ್ಪು ಹಿಡಿದು ಅರ್ಜಿ ಹಾಕಬಹುದು.

ಇನ್ನೊಂದು. 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) ಸೆಕ್ಷನ್ 105ರ ಪ್ರಕಾರ ತಪಾಸಣೆ, ಜಪ್ತಿಯನ್ನು ವಿಡಿಯೋ ಮಾಡಬೇಕು. ಮೊಬೈಲಲ್ಲಾದರೂ ಸಾಕು. ವಿಡಿಯೋ ಆಗುತ್ತಿದೆಯಾ ಅಂತ ಮರ್ಯಾದೆಯಿಂದ ಕೇಳಿ. ಏನಾದರೂ ಜಪ್ತಿ ಮಾಡಿದರೆ ಮಹಜರು ಓದದೆ ಸಹಿ ಹಾಕಬೇಡಿ. ಬರೆದ ಸಮಯ, ಜಾಗ, ಪಂಚರು (ಮಹಜರಿನ ಸಾಕ್ಷಿಗಳು) ನಿಜಕ್ಕೂ ಅಲ್ಲಿದ್ದರಾ ಅನ್ನುವುದನ್ನು ನೋಡಿ. ಪ್ರತಿ ಕೇಳಿ ಪಡೆಯಿರಿ. ಆಮೇಲೆ ನನ್ನಂಥವರು ಕೋರ್ಟಲ್ಲಿ ಮೊದಲು ಹುಡುಕುವುದು ಆ ಕಾಗದವನ್ನೇ.